ಬೊಬ್ಲಿಂಗೆನ್ ಮಗ್ಗುಲಲ್ಲಿ ಬಭ್ರುವಾಹನ

ಮೂರು ಜೋಡಿ, ಆರು ಜನ. ಕೈಯಲ್ಲಿ ಕತ್ತಿ ಹಿಡಿದು ಎದುರುಬದುರು ನಿಂತಿದ್ದಾರೆ. ಕಂಚಿನ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಗುದ್ದಿ ಮೂಡಿಸಿದ ಆಕೃತಿಗಳು. ಎರಡೂವರೆ ಸಾವಿರ ವರ್ಷಗಳಿಂದ ಇವರು ಹೀಗೇ ನಿಂತಿದ್ದಾರೆ, ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ. ಇದು ಕಾಳಗವೋ ಕುಣಿತವೋ? ಕತ್ತಿ ಕುಣಿತ ಅನ್ನುವ ವಿದ್ವಾಂಸರಿದ್ದಾರೆ, ಸತ್ತ ದೊರೆಯ ಗೌರವಕ್ಕೆ ನಡೆದ ಸೆಣಸಾಟ ಅನ್ನುವವರೂ ಇದ್ದಾರೆ. ನಮ್ಮ ಕರಾವಳಿಯವರನ್ನು ಕೇಳಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಲೇ ಕೊಲ್ಲುವುದನ್ನೂ ಸಾಯುವುದನ್ನೂ ಇಡೀ ರಾತ್ರಿ ನೋಡಿ ಬೆಳೆದವರಿಗೆ ಕಾಳಗ ಬೇರೆ, ಕುಣಿತ ಬೇರೆ ಅಂತ ಯಾರು ಹೇಳಿಕೊಟ್ಟಾರು!

ಈ ತಗಡು ಒಂದು ಆಸನದ ಬೆನ್ನೊರಗು. ಆಸನದ ಉದ್ದ 2.75 ಮೀಟರ್. ಎಂಟು ಕಂಚಿನ ಹೆಣ್ಣುಗಳು ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿವೆ, ಒಬ್ಬೊಬ್ಬಳ ಕಾಲಡಿಗೂ ಒಂದೊಂದು ಪುಟ್ಟ ಗಾಲಿ. ಜರ್ಮನಿಯ ಬೊಬ್ಲಿಂಗೆನ್‌ನಿಂದ ಉತ್ತರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಹೊಖ್‌ಡೋರ್ಫ್ ಎಂಬ ಹಳ್ಳಿಯ ಹೊಲದಲ್ಲಿ, ಕ್ರಿ.ಪೂ. 530ರ ಸುಮಾರಿಗೆ ಮಣ್ಣಾದ ಒಬ್ಬ ಕೆಲ್ಟಿಕ್ ದೊರೆಯ ಸಮಾಧಿಯೊಳಗೆ ಇದು ಸಿಕ್ಕಿತು. 1978–79ರಲ್ಲಿ ಯೋರ್ಗ್ ಬೀಲ್ ಅವರ ತಂಡ ಆ ಗೋರಿಯನ್ನು ಅಗೆದಾಗ ದೊರೆ ಈ ಆಸನದ ಮೇಲೇ ಮಲಗಿದ್ದ. ಪಕ್ಕದಲ್ಲಿ ಜೇನಿನ ಮದ್ಯ ತುಂಬಿಸಿಟ್ಟಿದ್ದ ಐನೂರು ಲೀಟರಿನ ಕಂಚಿನ ಹಂಡೆ. ಗೋಡೆಗೆ ಒಂಬತ್ತು ಕುಡಿಯುವ ಕೊಂಬುಗಳು: ಒಂದು ಆತನಿಗೆ, ಎಂಟು ಅತಿಥಿಗಳಿಗೆ. ಕೂರಲು ಜಾಗ, ಕುಡಿಯಲು ಪಾನ, ನೋಡಲು ಕತ್ತಿವರಸೆ. ಸತ್ತ ಮೇಲೂ ಆಟ ನೋಡುವ ಏರ್ಪಾಡು ಮಾಡಿಕೊಂಡೇ ಹೋದ ಪುಣ್ಯಾತ್ಮ!

ಆಸನ ಈಗ ಸ್ಟುಟ್‌ಗಾರ್ಟ್‌ನ ಹಳೆಯ ಅರಮನೆಯ ಮ್ಯೂಸಿಯಂನಲ್ಲಿದೆ. ಬೊಬ್ಲಿಂಗೆನ್‌ನಲ್ಲಿ ಎಸ್-1 ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಪಕ್ಕದ ಸಿಂಡೆಲ್‌ಫಿಂಗೆನ್‌ನ ಕಾರ್ಖಾನೆಗೆ ಮರ್ಸಿಡಿಸ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದಿಳಿಯುವ ನಮ್ಮವರಲ್ಲಿ ಎಷ್ಟೋ ಮಂದಿ ಅದೇ ರೈಲಿನಲ್ಲಿ ಓಡಾಡುತ್ತಾರೆ. ಅದೇ ಮ್ಯೂಸಿಯಂನಲ್ಲಿ ಇನ್ನೊಂದು ಅಚ್ಚರಿ ಇದೆ. ಅದು ಬೊಬ್ಲಿಂಗೆನ್ ಜಿಲ್ಲೆಯದೇ. ಊರಿಗೆ ಅಂಟಿಕೊಂಡಂತಿರುವ ಹೋಲ್ಟ್ಸ್‌ಗೆರ್ಲಿಂಗೆನ್‌ನಲ್ಲಿ 1838ರಲ್ಲಿ ಸಿಕ್ಕ ಕಲ್ಲಿನ ವಿಗ್ರಹ. ಆಳಿಗಿಂತ ಎತ್ತರ, 2.30 ಮೀಟರ್. ಮುಂದೆ ಒಂದು ಮುಖ, ಹಿಂದೆ ಒಂದು ಮುಖ, ಎರಡು ಕಡೆಯೂ ಹೊಟ್ಟೆಯ ಮೇಲೆ ಅಡ್ಡವಾಗಿ ಮಡಿಸಿದ ಒಂದೊಂದು ಕೈ. ದೇವರೋ, ಹಿರಿಯರೋ ಗೊತ್ತಿಲ್ಲ. ಮುಖವರ್ಣಿಕೆ ಕಳಚಿಟ್ಟ ಹಾಗೆ ಬರೀ ಗೆರೆಗಳ ಮುಖ.

ಕೆಲ್ಟರು ಹೋದರು, ರೋಮನರು ಬಂದು ಹೋದರು, ಮೂರನೆಯ ಶತಮಾನದಲ್ಲಿ ಅಲೆಮನ್ನಿ ಜನ ಬಂದು ನೆಲೆ ನಿಂತರು. ಇವರ ದೇವರುಗಳು ಯಾರು? ಆಗ್ಸ್‌ಬುರ್ಗ್ ಹತ್ತಿರದ ನೋರ್ಡೆನ್‌ಡೋರ್ಫ್‌ನಲ್ಲಿ 1843ರಲ್ಲಿ ಸಿಕ್ಕ ಬೆಳ್ಳಿಯ ಪಿನ್ನಿನ ಹಿಂಬದಿಯಲ್ಲಿ ರೂನ್ ಲಿಪಿಯಲ್ಲಿ ಕೊರೆದಿದ್ದಾರೆ: ವೋದನ್, ದೋನರ್. ಉತ್ತರದ ಮಂಜಿನ ನಾಡಿನಲ್ಲಿ ಓಡಿನ್, ಥೋರ್ ಎಂದು ಹಾಡಿಸಿಕೊಂಡವರೇ ಇವರು! ಅಂದರೆ ಕೆಲ್ಟರ ಕಥೆಗಳ ಮೇಲೆ ನಾರ್ಡಿಕ್ ದೇವರುಗಳ ಬಂಧುಗಳು ಬಂದು ಕೂತ ನೆಲ ಇದು.

ಈಗ ಉಸಿರು ಬಿಗಿಹಿಡಿದು ಕೇಳಿ.

ಎರಡು ಸೈನ್ಯಗಳ ನಡುವೆ ಇಬ್ಬರು ವೀರರು. ಒಬ್ಬ ಮುದುಕ ಹಿಲ್ಡೆಬ್ರಾಂಡ್, ಒಬ್ಬ ತರುಣ ಹಾದುಬ್ರಾಂಡ್. ಮುದುಕ ಕೇಳುತ್ತಾನೆ, ನಿನ್ನ ಅಪ್ಪ ಯಾರು? ತರುಣ ಹೇಳುತ್ತಾನೆ, ನನ್ನಪ್ಪ ಹಿಲ್ಡೆಬ್ರಾಂಡ್. ಎಳೆಯ ಹೆಂಡತಿಯನ್ನೂ ಕೂಸನ್ನೂ ಬಿಟ್ಟು ಮೂಡಣಕ್ಕೆ ಹೋದವನು ಯುದ್ಧದಲ್ಲಿ ಸತ್ತನೆಂದು ಕಡಲಯಾನಿಗಳು ತಿಳಿಸಿದರು. ಮೂವತ್ತು ವರ್ಷ ಊರು ಬಿಟ್ಟಿದ್ದ ಮುದುಕನಿಗೆ ಎದುರಿಗಿರುವವನು ತನ್ನ ಮಗ ಅಂತ ತಿಳಿಯುತ್ತದೆ. ತೋಳಿನ ಚಿನ್ನದ ಬಳೆ ಬಿಚ್ಚಿ, ತಗೋ ಮಗನೇ ಅಂತ ಚಾಚುತ್ತಾನೆ. ಮಗ ನಂಬುವುದಿಲ್ಲ. ಇಂಥ ಉಡುಗೊರೆಯನ್ನು ಈಟಿಯ ಮೊನೆಯಿಂದಲೇ ಸ್ವೀಕರಿಸಬೇಕು, ನೀನು ಮೋಸಗಾರ ಮುದುಕ ಅನ್ನುತ್ತಾನೆ. ಹೇಡಿ ಅನ್ನಿಸಿಕೊಂಡು ಹಿಂದೆ ಸರಿಯುವ ಹಾಗಿಲ್ಲ. ಒಂದೋ ನನ್ನ ಕೂಸು ನನ್ನನ್ನು ಕಡಿಯಬೇಕು, ಇಲ್ಲವೇ ನಾನು ಅವನನ್ನು ಕೊಲ್ಲಬೇಕು ಅಂತ ಮುದುಕ ವಿಧಿಗೆ ಮೊರೆಯಿಡುತ್ತಾನೆ. ಈಟಿ ಹಾರುತ್ತವೆ, ಗುರಾಣಿ ಚೂರಾಗುತ್ತದೆ, ಆಮೇಲೆ...

ಆಮೇಲೆ ಇಲ್ಲ. ಪದ್ಯ ಅಲ್ಲಿಗೆ ನಿಂತುಹೋಗಿದೆ!

ಜರ್ಮನ್ ಭಾಷೆಯ ಅತಿ ಹಳೆಯ ವೀರಗೀತೆ ಇದು, ‘ಹಿಲ್ಡೆಬ್ರಾಂಡ್‌ಸ್ಲೀಡ್’. ಸುಮಾರು 830ರಲ್ಲಿ ಫುಲ್ಡಾ ಮಠದ ಇಬ್ಬರು ಲಿಪಿಕಾರರು ಒಂದು ಧರ್ಮಗ್ರಂಥದ ಮೊದಲ ಮತ್ತು ಕೊನೆಯ ಖಾಲಿ ಪುಟಗಳಲ್ಲಿ ಇದನ್ನು ಬರೆದುಕೊಂಡರು. 68 ಸಾಲು ಆಗುವಷ್ಟರಲ್ಲಿ ಜಾಗ ಮುಗಿಯಿತು. ಪುಟಗಳ ಕಥೆಯೂ ಕಡಿಮೆಯದಲ್ಲ. 1945ರ ಗದ್ದಲದಲ್ಲಿ ಈ ಹಸ್ತಪ್ರತಿ ಲೂಟಿಯಾಗಿ ಅಮೆರಿಕ ಸೇರಿತು. ಪುಸ್ತಕ 1955ರಲ್ಲಿ ಕಾಸೆಲ್‌ಗೆ ಮರಳಿತು, ಆದರೆ ಪದ್ಯವಿದ್ದ ಮೊದಲ ಹಾಳೆಯೇ ಇರಲಿಲ್ಲ. ಅದು ಫಿಲಡೆಲ್ಫಿಯಾದಲ್ಲಿ ಪತ್ತೆಯಾಗಿ 1972ರಲ್ಲಿ ತಾಯಿಪುಸ್ತಕವನ್ನು ಸೇರಿಕೊಂಡಿತು. ಅಗಲಿದ ಅಪ್ಪ ಮಗನ ಪದ್ಯಕ್ಕೇ ಈ ಗತಿ!

ಕೊನೆ ಏನಾಯಿತು ಅಂತ ತಿಳಿಯಬೇಕಾದರೆ ಐಸ್‌ಲ್ಯಾಂಡಿಗೆ ಹೋಗಬೇಕು. ಅಲ್ಲಿನ ಒಂದು ಸಾಗಾದಲ್ಲಿ, ಅಂದರೆ ವೀರರ ಗದ್ಯಕಥೆಯಲ್ಲಿ, ಸಾಯುತ್ತ ಬಿದ್ದ ಹಿಲ್ಡಿಬ್ರಾಂಡ್ ತನ್ನ ಮರಣಗೀತೆ ಹಾಡುತ್ತಾನೆ. ತಲೆಯ ಬಳಿ ಒಡೆದ ಗುರಾಣಿ, ಅದರ ಮೇಲೆ ಅವನು ಕೊಂದವರ ಗುರುತುಗಳು. ಅವುಗಳ ನಡುವೆ ಅವನ ಮುದ್ದು ಮಗನದೂ ಇದೆ.

ಇದು ಬರೀ ಕಥೆಯಲ್ಲವೇ, ನಾಟಕ ಎಲ್ಲಿ ಬಂತು ಅನ್ನುತ್ತೀರಾ? ಅದೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಆ 68 ಸಾಲುಗಳಲ್ಲಿ ಹೊಡೆದಾಟಕ್ಕೆ ಸಿಕ್ಕಿರುವುದು ಕೊನೆಯ ಕೆಲವೇ ಸಾಲು, ಉಳಿದದ್ದೆಲ್ಲ ಹೆಚ್ಚುಕಡಿಮೆ ಮಾತು. ಸವಾಲು, ಜವಾಬು, ಕುಲಗೋತ್ರ ವಿಚಾರಣೆ, ಮೂದಲಿಕೆ. ಶುದ್ಧ ತಾಳಮದ್ದಳೆ! ನಾರ್ಡಿಕ್ ನಾಡುಗಳಲ್ಲಿ ಈ ಮಾತಿನ ಮಲ್ಲಯುದ್ಧ ಒಂದು ಕಲೆಯೇ ಆಗಿತ್ತು. 1270ರ ಸುಮಾರಿಗೆ ಐಸ್‌ಲ್ಯಾಂಡಿನಲ್ಲಿ ಬರೆದಿಟ್ಟ ಎಡ್ಡಾ ಎಂಬ ಪುರಾಣಪದ್ಯಗಳ ಹಸ್ತಪ್ರತಿಯಲ್ಲಿ ಒಂದು ಪದ್ಯವಿದೆ. ಥೋರ್ ದೇವ ಹೊಳೆದಂಡೆಗೆ ಬಂದು ದೋಣಿಯವನನ್ನು ಕೂಗುತ್ತಾನೆ, ಆಚೆ ದಡದಲ್ಲಿರುವ ದೋಣಿಯವನು ಬಾಯಿಗೆ ಬಂದಂತೆ ಹೀಯಾಳಿಸುತ್ತಾನೆ. ನಾನು ಇಂಥ ರಾಕ್ಷಸನನ್ನು ಕೊಂದೆ, ನೀನೇನು ಮಾಡುತ್ತಿದ್ದೆ ಅಂತ ಪದ್ಯದುದ್ದಕ್ಕೂ ಜಗಳ. ಕೊನೆಗೂ ದೋಣಿ ಸಿಗದೆ ಥೋರ್ ನಡೆದೇ ಹೋಗುತ್ತಾನೆ. ದೋಣಿಯವನು ಯಾರು ಗೊತ್ತೇ? ಮಾರುವೇಷದ ಓಡಿನ್, ಥೋರನ ಹೆತ್ತಪ್ಪ! ಇಲ್ಲೂ ಮಗನಿಗೆ ಅಪ್ಪನ ಗುರುತಿಲ್ಲ, ಆದರೆ ರಕ್ತ ಹರಿಯದೆ ನಗೆಯಲ್ಲಿ ಮುಗಿಯುತ್ತದೆ. ಇಂಥ ಸಂಭಾಷಣೆಯ ಪದ್ಯಗಳ ಅಂಚಿನಲ್ಲಿ ಮಾತಾಡುವವರ ಹೆಸರಿನ ಮೊದಲಕ್ಷರಗಳನ್ನು ಗುರುತು ಹಾಕಿದ್ದಾರೆ, ನಾಟಕದ ಪ್ರತಿಯಲ್ಲಿ ಹಾಕುವ ಹಾಗೆಯೇ. ಇವು ಆಡಿ ತೋರಿಸಿದ ಪಠ್ಯಗಳು ಅಂತ ಬರ್ತಾ ಫಿಲ್‌ಪಾಟ್ಸ್ 1920ರಲ್ಲೇ ಪುಸ್ತಕ ಬರೆದರು, ಟೆರಿ ಗನೆಲ್ 1995ರಲ್ಲಿ ಈ ಅಂಚಿನ ಗುರುತುಗಳನ್ನೇ ಹಿಡಿದು ವಾದವನ್ನು ಗಟ್ಟಿ ಮಾಡಿದರು.

ಇನ್ನು ಕೆಲ್ಟರ ಕಡೆ. ಅವರದೇ ಬಳಗದ ಐರ್ಲೆಂಡಿನ ಮಹಾವೀರ ಕೂಹುಲಿನ್ ಪರದೇಶದಲ್ಲಿ ಐಫೆ ಎಂಬ ವೀರಾಂಗನೆಯನ್ನು ಕೂಡಿ, ಹುಟ್ಟಲಿರುವ ಮಗನಿಗೆಂದು ಒಂದು ಉಂಗುರ ಕೊಟ್ಟು ಬರುತ್ತಾನೆ. ಅದು ಬೆರಳಿಗೆ ಸರಿಹೊಂದುವಷ್ಟು ಬೆಳೆದಾಗ ಮಗನನ್ನು ಕಳಿಸು, ಆದರೆ ಅವನು ಯಾರಿಗೂ ಹೆಸರು ಹೇಳಕೂಡದು, ಯಾರು ಕರೆದರೂ ಕಾಳಗಕ್ಕೆ ಹಿಂಜರಿಯಕೂಡದು ಅಂತ ಕಟ್ಟಳೆ. ಹುಡುಗ ಬರುತ್ತಾನೆ. ಹೆಸರು ಹೇಳುವುದಿಲ್ಲ. ಅಪ್ಪನೇ ಕೊಲ್ಲುತ್ತಾನೆ.

1904ರ ಡಿಸೆಂಬರ್ 27ರಂದು ಡಬ್ಲಿನ್‌ನ ಆ್ಯಬಿ ರಂಗಮಂದಿರ ಬಾಗಿಲು ತೆರೆದ ರಾತ್ರಿ ಆಡಿದ್ದು ಇದೇ ಕಥೆಯನ್ನು, ಕವಿ ಯೇಟ್ಸ್ ಬರೆದ ‘ಆನ್ ಬೇಲ್ಸ್ ಸ್ಟ್ರ್ಯಾಂಡ್’ ನಾಟಕವಾಗಿ. ಒಂದು ನಾಡು ತನ್ನ ರಂಗಭೂಮಿಯನ್ನು ಹೇಗೆ ಕಟ್ಟಿಕೊಳ್ಳಬೇಕು ಅಂತ ಯೇಟ್ಸ್ ನಾರ್ವೆಯತ್ತ ಬೆರಳು ತೋರಿಸುತ್ತಿದ್ದರು. ಅಲ್ಲಿ ಪಿಟೀಲು ವಾದಕ ಓಲೆ ಬುಲ್ 1850ರಲ್ಲಿ ಬೆರ್ಗೆನ್ ಊರಿನಲ್ಲಿ ನಾರ್ವೆಯ ಮಾತಿನ ರಂಗಮಂದಿರ ಕಟ್ಟಿದ್ದರು, ಮರುವರ್ಷವೇ ಅಲ್ಲಿಗೆ ಕೆಲಸಕ್ಕೆ ಸೇರಿದ ಇಪ್ಪತ್ತಮೂರರ ಹುಡುಗನ ಹೆಸರು ಇಬ್ಸನ್. ಸಾಗಾಗಳನ್ನು ರಂಗಕ್ಕೆ ತಂದ ನಾರ್ವೆಯ ದಾರಿಯಲ್ಲಿ ಕೆಲ್ಟಿಕ್ ಕಥೆಗಳು ನಡೆದುಬಂದವು.

ಯೇಟ್ಸ್ ನಾಟಕದಲ್ಲಿ ಕೂಹುಲಿನ್‌ಗೆ ಆ ಅಪರಿಚಿತ ಹುಡುಗನನ್ನು ಕಂಡರೆ ಏನೋ ಅಕ್ಕರೆ. ಕಾಳಗ ಬೇಡ ಅಂತ ತನ್ನ ಮೇಲುವಸ್ತ್ರವನ್ನೇ ಉಡುಗೊರೆ ಕೊಡಲು ಹೊರಡುತ್ತಾನೆ. ಇದು ಮಾಟ, ಮೋಸ ಅಂತ ಸುತ್ತಲಿನವರು ಬೊಬ್ಬೆ ಹೊಡೆದು ಕಾಳಗಕ್ಕೆ ದೂಡುತ್ತಾರೆ. ಕೊಂದು ಬಂದವನು ಕತ್ತಿಯ ರಕ್ತ ಒರೆಸಿಕೊಳ್ಳುವುದು ಕೋಳಿಯ ಪುಕ್ಕದಲ್ಲಿ. ಆ ಕೋಳಿಯನ್ನು ಕದ್ದು ತಂದವನು ಒಬ್ಬ ಪೆದ್ದ, ಬೇಯಿಸಿ ತಿಂದವನು ಅವನ ಜೊತೆಗಾರ ಕುರುಡ, ಪೆದ್ದನ ಪಾಲಿಗೆ ಪುಕ್ಕ ಮಾತ್ರ. ಇವರಿಬ್ಬರ ಊಟದ ಜಗಳದಲ್ಲೇ ಸತ್ತವನು ಯಾರೆಂಬ ಗುಟ್ಟು ಒಡೆಯುತ್ತದೆ. ಕೂಹುಲಿನ್ ಹುಚ್ಚೆದ್ದು ಕಡಲಿನ ಅಲೆಗಳ ಮೇಲೆ ಕತ್ತಿ ಬೀಸುತ್ತಿದ್ದರೆ, ಊರೆಲ್ಲ ಅದನ್ನು ನೋಡಲು ಓಡಿದೆ, ಒಲೆಗಳಲ್ಲಿ ರೊಟ್ಟಿ ಇದೆ, ಬಾ ಕದಿಯೋಣ ಅಂತ ಕುರುಡ ಪೆದ್ದನನ್ನು ಎಳೆದುಕೊಂಡು ಹೋಗುತ್ತಾನೆ. ದುರಂತದ ನೆತ್ತಿಯ ಮೇಲೆ ಇಬ್ಬರು ಹಾಸ್ಯಗಾರರು! ಯಕ್ಷಗಾನ ಒಂದೂ ನೋಡದೆ ಈ ಮನುಷ್ಯ ಇದನ್ನು ಹೇಗೆ ಬರೆದರು?

ಓದುಗರಿಗೆ ಈಗಾಗಲೇ ಹೊಳೆದಿರಬೇಕು. ಧರ್ಮರಾಯನ ಯಾಗದ ಕುದುರೆ ಮಣಿಪುರಕ್ಕೆ ಬರುತ್ತದೆ. ಬಭ್ರುವಾಹನ ಕಟ್ಟಿಹಾಕುತ್ತಾನೆ. ಇದು ನಿನ್ನ ತಂದೆಯ ಕುದುರೆ, ಕಾಣಿಕೆ ಸಮೇತ ಒಪ್ಪಿಸಿ ಬಾ ಅಂತ ತಾಯಿ ಚಿತ್ರಾಂಗದೆ ಹೇಳುತ್ತಾಳೆ. ಮಗ ಊರಿನ ಸಂಪತ್ತನ್ನೆಲ್ಲ ಹೊರಿಸಿಕೊಂಡು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಒದೆಯುತ್ತಾನೆ. ನನ್ನ ಮಗನೆಂದರೆ ಅಭಿಮನ್ಯು, ಕೈಮುಗಿದು ಬರುವ ನೀನಲ್ಲ ಅನ್ನುತ್ತಾನೆ, ತಾಯಿಯ ಶೀಲವನ್ನೂ ಎಳೆದು ತರುತ್ತಾನೆ. ಅಲ್ಲಿಗೆ ಮುಗಿಯಿತು. ಕಾಣಿಕೆ ತಂದ ಕೈಯೇ ಬಿಲ್ಲಿಗೆ ಹೋಗುತ್ತದೆ.

ಉಡುಗೊರೆಯ ಆ ಗಳಿಗೆಯನ್ನು ಹತ್ತಿರದಿಂದ ನೋಡಿ! ಜರ್ಮನ್ ಪದ್ಯದಲ್ಲಿ ಅಪ್ಪ ಕೊಟ್ಟ ಚಿನ್ನವನ್ನು ಮಗ ತಳ್ಳುತ್ತಾನೆ. ಐರಿಷ್ ನಾಟಕದಲ್ಲಿ ಅಪ್ಪ ಕೊಡಹೊರಟ ವಸ್ತ್ರವನ್ನು ಊರವರು ತಡೆಯುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಗ ಕೊಟ್ಟದ್ದನ್ನು ಅಪ್ಪ ಒದೆಯುತ್ತಾನೆ. ಕೊಡುವವರು ಬೇರೆ, ತಿರಸ್ಕರಿಸುವವರು ಬೇರೆ, ಆದರೆ ಪ್ರತಿ ಸಲವೂ ಕತ್ತಿಗೆ ಮೊದಲು ಒಂದು ಕೈ ಚಾಚಿರುತ್ತದೆ. ಬಯಲಾಟದಲ್ಲಿ ಅರ್ಥಧಾರಿಗಳು ಈ ಒಂದು ಘಟ್ಟವನ್ನು ಗಂಟೆಗಟ್ಟಲೆ ಎಳೆಯಬಲ್ಲರು. ಕಾಳಗದ ಪದಕ್ಕೆ ಬಂದರೆ ಹತ್ತು ನಿಮಿಷ. ನಾಟಕ ಇರುವುದು ಎಲ್ಲಿ ಅಂತ ಅವರಿಗೆ ಗೊತ್ತು. ಒಂದು ಮಾತು ಸರಿಯಾಗಿ ಬಿದ್ದಿದ್ದರೆ ತಪ್ಪಿಹೋಗುತ್ತಿತ್ತಲ್ಲ ಎಂಬ ಸಂಕಟವೇ ನಾಟಕ, ಹೊಡೆತವಲ್ಲ.

ಅಪ್ಪ ಮಗನ ಕಾಳಗದ ಕಥೆಗಳನ್ನು ನಾಡು ನಾಡುಗಳಿಂದ ಹೆಕ್ಕಿ 1902ರಲ್ಲೇ ಎಂ. ಎ. ಪಾಟರ್ ಒಂದು ಇಡೀ ಪುಸ್ತಕ ಮಾಡಿದರು, ಪರ್ಶಿಯಾದ ರುಸ್ತುಂ–ಸೊಹ್ರಾಬರ ಹೆಸರಿನಲ್ಲಿ. ಒಂದೇ ಬೇರಿನಿಂದ ಹರಡಿದ್ದೋ, ಎಲ್ಲ ಕಡೆ ತಾನಾಗಿ ಹುಟ್ಟಿದ್ದೋ ಎಂಬ ಜಗಳ ಪಂಡಿತರಿಗಿರಲಿ. ನನಗೆ ಬೇಕಾದದ್ದು ಇನ್ನೊಂದು ಸಂಗತಿ, ಮತ್ತೆ ಬೊಬ್ಲಿಂಗೆನ್ ಪಕ್ಕದ್ದೇ.

ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರ್ ಹೋದರೆ ಟ್ಯೂಬಿಂಗೆನ್. ಅಲ್ಲಿ ಲುಡ್‌ವಿಗ್ ಉಲಾಂಡ್ ಎಂಬ ಕವಿ, ನಾಟಕಕಾರ ಇದ್ದರು. 1830ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯದಲ್ಲಿ ಹಳೆಯ ವೀರಕಥೆ, ಪುರಾಣಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. 1836ರಲ್ಲಿ ಥೋರನ ಪುರಾಣದ ಮೇಲೆ ಅವರ ಗ್ರಂಥ ಬಂತು. ಅವರು ಪಾಠ ಹೇಳುತ್ತಿದ್ದ ಹೊತ್ತಿನಲ್ಲೇ ಅದೇ ಊರಿನಲ್ಲಿ ಓದುತ್ತಿದ್ದ ಬ್ರಾಕೆನ್‌ಹೈಮ್‌ನ ಒಬ್ಬ ತರುಣ, ಗ್ರಂಥ ಹೊರಬಂದ ಅದೇ 1836ರಲ್ಲಿ ಹಡಗಿನಿಂದ ಮಂಗಳೂರಿಗೆ ಇಳಿದ. ಹೆರ್ಮನ್ ಮೋಗ್ಲಿಂಗ್! 1843ರಲ್ಲಿ ‘ಮಂಗಳೂರು ಸಮಾಚಾರ’ ತಂದ ಅದೇ ಮೋಗ್ಲಿಂಗ್. ಉಲಾಂಡರ ಪಾಠ ಈತನ ಕಿವಿಗೆ ಬಿದ್ದಿತ್ತು ಅಂತ ನಾನು ಹೇಳಲಾರೆ. ಆದರೆ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಈತ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ ಕನ್ನಡ ಕೃತಿಗಳನ್ನು ನೋಡಿ: ಬಸವಪುರಾಣ, ದಾಸರ ಪದಗಳು, ‘ರಾವಣ ದಿಗ್ವಿಜಯ’ ಎಂಬ ಯಕ್ಷಗಾನ, ಮತ್ತು ಜೈಮಿನಿ ಭಾರತ! ಬಭ್ರುವಾಹನನನ್ನು ಮೊದಮೊದಲು ಅಚ್ಚಿಗೆ ಏರಿಸಿದವರಲ್ಲಿ ಒಬ್ಬ ಈ ನೆಲದವನು. ಈ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. (ನಿಘಂಟಿನ ಕಿಟ್ಟೆಲ್ ಕೂಡ ಕಣ್ಣು ಮುಚ್ಚಿದ್ದು ಟ್ಯೂಬಿಂಗೆನ್‌ನಲ್ಲೇ, 1903ರಲ್ಲಿ. ಈ ಊರಿಗೆ ಕನ್ನಡದ ಋಣ ಇದೆಯೋ, ಕನ್ನಡಕ್ಕೆ ಈ ಊರಿನ ಋಣವೋ!)

ಇನ್ನೊಂದು ಬಾಗಿಲು ಮೈಸೂರಿನಲ್ಲಿ ತೆರೆಯಿತು. ಬೆಲ್‌ಫಾಸ್ಟಿನ ಜೇಮ್ಸ್ ಕಸಿನ್ಸ್, ಡಬ್ಲಿನ್‌ನ ಆ ರಂಗ ಚಳವಳಿಯ ಮೊದಲ ದಿನಗಳ ನಾಟಕಕಾರ. ಕೊನ್ಲಾ ಎಂಬ ರಾಜಕುಮಾರನ ಕೆಲ್ಟಿಕ್ ಕಥೆಯ ಮೇಲೆ ಅವರು ಬರೆದ ‘ದಿ ಸ್ಲೀಪ್ ಆಫ್ ದಿ ಕಿಂಗ್’ 1902ರಲ್ಲಿ ರಂಗಕ್ಕೆ ಬಂತು. ಕೂಹುಲಿನ್‌ನ ಮಗನ ಹೆಸರೂ ಕೊನ್ಲಾ, ಆದರೆ ಇವನು ಬೇರೆ. 1915ರಲ್ಲಿ ಭಾರತಕ್ಕೆ ಬಂದ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿದ್ದಾಗ, ಇಂಗ್ಲಿಷ್ ಕವಿತೆಗಳ ಕಟ್ಟು ಹಿಡಿದು ಒಬ್ಬ ಮಲೆನಾಡ ವಿದ್ಯಾರ್ಥಿ ಅವರ ಮುಂದೆ ನಿಂತ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಅವರು ಕೇಳಿದರು. ಅಲ್ಲಿಂದ ಮುಂದೆ ಪುಟ್ಟಪ್ಪನವರು ಕುವೆಂಪು ಆದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಪ್ರಶ್ನೆ ಕೇಳಿದವರು ತಮ್ಮ ನೆಲದ ಕಥೆಗಳನ್ನು ರಂಗಕ್ಕೆ ತಂದ ಕೆಲ್ಟಿಕ್ ನಾಟಕಕಾರ ಎಂಬುದನ್ನು ನಾವು ಎಷ್ಟು ಬಾರಿ ನೆನೆದಿದ್ದೇವೆ?

ಅದೇ ಕುವೆಂಪು 1930ರ ದಶಕದ ಆರಂಭದಲ್ಲಿ ಹ್ಯಾಮ್ಲೆಟ್ಟನ್ನು ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು. ಹ್ಯಾಮ್ಲೆಟ್ ಮೂಲತಃ ಎಲ್ಲಿಯವನು? ಸುಮಾರು 1200ರಲ್ಲಿ ಡೆನ್ಮಾರ್ಕಿನ ಸಾಕ್ಸೊ ಬರೆದಿಟ್ಟ ಆಮ್ಲೆತ್, ಹುಚ್ಚನ ಸೋಗು ಹಾಕಿ ಅಪ್ಪನ ಕೊಲೆಗೆ ಸೇಡು ತೀರಿಸಿಕೊಂಡ ನಾರ್ಡಿಕ್ ರಾಜಕುಮಾರ. ಇನ್ನೂ ಹಿಂದೆ ಹೋದರೆ, 919ರಲ್ಲಿ ಡಬ್ಲಿನ್ ಬಳಿ ವೈಕಿಂಗರೊಡನೆ ಕಾದಿ ಮಡಿದ ಐರಿಷ್ ದೊರೆ ನಿಯಲ್‌ನ ಮೇಲೆ ಅವನ ರಾಣಿ ಹಾಡಿದಳು ಎನ್ನುವ ಶೋಕಗೀತೆಯಲ್ಲಿ ಕೊಂದವನ ಹೆಸರು ಅಮ್ಲೈದೆ ಅಂತ ಇದೆ, ಹ್ಯಾಮ್ಲೆಟ್ ಎಂಬ ಹೆಸರಿನ ಮೊದಲ ಸುಳಿವು ಅದೇ ಅನ್ನುವ ವಿದ್ವಾಂಸರಿದ್ದಾರೆ. ನಾರ್ಡಿಕ್ ಕಥೆ, ಕೆಲ್ಟಿಕ್ ಕಣ್ಣೀರು, ಕೊನೆಗೆ ಬಿದನೂರಿನ ಕೋಟೆ!

ಒಂದು ಮಾತು ಬಾಕಿ ಇದೆ. ನಮ್ಮಲ್ಲಿ ಮಗನ ಬಾಣಕ್ಕೆ ತಲೆ ಕೊಟ್ಟ ಅರ್ಜುನ ಸತ್ತೇ ಉಳಿಯುವುದಿಲ್ಲ. ಬಭ್ರುವಾಹನ ಪಾತಾಳಕ್ಕೆ ನುಗ್ಗಿ ನಾಗರೊಡನೆ ಕಾದಿ ಸಂಜೀವಕ ಮಣಿ ತರುತ್ತಾನೆ, ಕೃಷ್ಣ ಬರುತ್ತಾನೆ, ತಲೆ ಮುಂಡ ಕೂಡುತ್ತದೆ, ಅಪ್ಪ ಎದ್ದು ಮಗನನ್ನು ಅಪ್ಪಿಕೊಳ್ಳುತ್ತಾನೆ. ಪಡುವಣದವರ ಎದೆ ಗಟ್ಟಿ, ನಮ್ಮದು ಮೆತ್ತಗೆ ಅಂತ ತೀರ್ಮಾನಿಸುವ ಹೊತ್ತಿಗೆ ನನಗೆ ಸಿಕ್ಕಿದ್ದು ಇನ್ನೊಂದು ಹಿಲ್ಡೆಬ್ರಾಂಡ್ ಹಾಡು. ಹದಿಮೂರನೆಯ ಶತಮಾನದ ನಾರ್ವೆಯ ಸಾಗಾದಲ್ಲೇ ಅಪ್ಪ ಮಗ ಗುರುತು ಹಿಡಿದು ಬದುಕಿಕೊಂಡಿದ್ದಾರೆ. ಆಮೇಲೆ ಜರ್ಮನಿಯ ಸಂತೆ ಬೀದಿಗಳಲ್ಲಿ ಜನ ಹಾಡಿಕೊಂಡ ಲಾವಣಿಯಲ್ಲಂತೂ ಮಗ ಅಪ್ಪನನ್ನು ಸೀದಾ ಮನೆಗೇ ಕರೆತರುತ್ತಾನೆ, ಪಂಕ್ತಿಯ ತಲೆ ಜಾಗದಲ್ಲಿ ಕೂರಿಸುತ್ತಾನೆ. ಸೆರೆಯಾಳನ್ನು ಅಲ್ಲೇಕೆ ಕೂರಿಸಿದೆ ಅಂತ ತಾಯಿ ಊಟೆ ಗದರಿಕೊಳ್ಳುತ್ತಾಳೆ. ಮುದುಕ ಬಾಯೊಳಗಿನ ಚಿನ್ನದ ಉಂಗುರವನ್ನು ಅವಳ ಬಟ್ಟಲಿಗೆ ಜಾರಿಸುತ್ತಾನೆ. ಅವರಿಗೂ ತಡೆಯಲಾಗಿರಲಿಲ್ಲ!

ಯಾರಾದರೂ ಪ್ರಸಂಗಕರ್ತರು ಇದನ್ನು ಕೈಗೆತ್ತಿಕೊಳ್ಳಬಾರದೇ? ಮ್ಯಾಕ್‌ಬೆತ್‌ನನ್ನು ಬಿ. ವಿ. ಕಾರಂತರು 1979ರಲ್ಲಿ ದಿಲ್ಲಿಯಲ್ಲಿ ‘ಬರ್ನಂ ವನ’ವಾಗಿ ಯಕ್ಷಗಾನದ ನಡೆಯಲ್ಲಿ ಕುಣಿಸಲಿಲ್ಲವೇ? ಹಾದುಬ್ರಾಂಡನಿಗೆ ಪುಂಡುವೇಷ, ಮಂಡಿ ಹಾಕುವ ಹುಡುಗ ಬೇಕು. ಹಿಲ್ಡೆಬ್ರಾಂಡನಿಗೆ ಮಾತು ಬಲ್ಲ ಹಿರಿಯ ಎರಡನೆಯ ವೇಷಧಾರಿ. ಕಡಲಯಾನಿಗಳ ಸುದ್ದಿ ಹಾಸ್ಯಗಾರನ ಬಾಯಲ್ಲಿ ಬರಲಿ. ಚಿನ್ನದ ಬಳೆ ಚಾಚುವ ಪದಕ್ಕೆ ಒಂದು ಗಂಟೆ ಕೊಡಿ, ಅವಸರ ಬೇಡ. ಹಾಳೆ ಮುಗಿದಲ್ಲಿಗೇ ಚೆಂಡೆ ನಿಲ್ಲಿಸುವುದೋ, ಐಸ್‌ಲ್ಯಾಂಡಿನ ಗುರಾಣಿಯನ್ನು ರಂಗಸ್ಥಳಕ್ಕೆ ತರುವುದೋ, ಊಟೆಯ ಬಟ್ಟಲಿನಲ್ಲಿ ಉಂಗುರ ಹಾಕಿ ಮಂಗಳ ಹಾಡುವುದೋ ಎಂಬುದನ್ನು ಮಾತ್ರ ಭಾಗವತರೇ ಗೊತ್ತುಮಾಡಬೇಕು.